ಔಷಧಿ ಹೊಡೆಯದ ಸಾಲು

ಗುಲಾಬಿ ಗಿಡದ ಕೆಳಗಿನ ಎಲೆಯೊಂದನ್ನು ಕಿತ್ತು ಮಗುಚಿ, ಹತ್ತು ಪಟ್ಟು ಹಿಗ್ಗಿಸಿ ತೋರಿಸುವ ಭೂತಗನ್ನಡಿಯಲ್ಲಿ ನೋಡಿ. ಮೇಲ್ಮೈಯಲ್ಲಿ ಬರೀ ಬಿಳಿಚಿದ ಚುಕ್ಕೆಗಳಾಗಿ ಕಂಡದ್ದಕ್ಕೆ ಕಾರಣವಾದ ಜೀವಿಗಳು ಅಡಿಯಲ್ಲಿ ಓಡಾಡುತ್ತಿರುತ್ತವೆ. ನಡುನರದ ಪಕ್ಕದಲ್ಲಿ ತೆಳ್ಳನೆಯ ಬಲೆ. ಬಲೆಯ ಎಳೆಗಳ ನಡುವೆ ದುಂಡನೆಯ, ಬೆಳಕು ಹಾಯುವ ಮೊಟ್ಟೆಗಳು. ಬೆಳೆಯುವಾಗ ಕಳಚಿಟ್ಟ ಬಿಳಿ ಪೊರೆಗಳು. ಆರು ಕಾಲಿನ ಮರಿಗಳು, ಎಂಟು ಕಾಲಿನ ಬೆಳೆದ ನುಸಿಗಳು. ಬೆಳೆದ ಹೆಣ್ಣು ಅರ್ಧ ಮಿಲಿಮೀಟರಿನಷ್ಟು ಉದ್ದ. ಅದರ ಮೈಯ ಎರಡೂ ಬದಿಗೆ ಒಂದೊಂದು ಕಪ್ಪು ಮಚ್ಚೆ. ಆ ಮಚ್ಚೆಗಳಿಂದಲೇ ಅದಕ್ಕೆ ಎರಡು ಚುಕ್ಕೆಯ ಜೇಡ ನುಸಿ ಎಂಬ ಹೆಸರು ಬಂದಿದೆ. ವಿಜ್ಞಾನದಲ್ಲಿ ಇದು ಟೆಟ್ರಾನಿಕಸ್ ಉರ್ಟಿಸೆ. 1836ರಲ್ಲಿ ಕಾಖ್ ಎಂಬ ಜರ್ಮನ್ ವಿಜ್ಞಾನಿ ಇದನ್ನು ಮೊದಲು ವರ್ಣಿಸಿದ.

ಇದು ಕೀಟವಲ್ಲ. ಜೇಡ, ಚೇಳು, ಉಣ್ಣೆಗಳ ಬಳಗಕ್ಕೆ ಸೇರಿದ್ದು. ಹಾಗಾಗಿ ಕೀಟಗಳಿಗೆಂದು ತಯಾರಾದ ಎಷ್ಟೋ ಔಷಧಿಗಳು ಇದಕ್ಕೆ ತಾಗುವುದೇ ಇಲ್ಲ. ಎಲೆಯ ಜೀವಕೋಶಗಳಿಗೆ ಸೂಜಿಯಂಥ ಬಾಯಿ ಚುಚ್ಚಿ ರಸ ಹೀರುತ್ತದೆ. ಖಾಲಿಯಾದ ಕೋಶಗಳೇ ಮೇಲೆ ಕಾಣುವ ಚುಕ್ಕೆಗಳು. ಸಾವಿರಕ್ಕೂ ಹೆಚ್ಚು ಜಾತಿಯ ಗಿಡಗಳ ಮೇಲೆ ಬದುಕಬಲ್ಲದು. ಬೇಸಿಗೆಯ ಬಿಸಿಗೆ ಮೊಟ್ಟೆಯಿಂದ ಬೆಳೆದ ನುಸಿಯಾಗಲು ಒಂದು ವಾರ, ಹತ್ತು ದಿನ ಸಾಕು. ಬಯಲಿನ ಗಿಡವಾದರೆ ಜೋರು ಮಳೆಯೊಂದು ಎಲೆಯನ್ನು ತೊಳೆದು ನುಸಿಯನ್ನು ಒಂದಿಷ್ಟು ತಗ್ಗಿಸುತ್ತದೆ. ಪಾಲಿಹೌಸಿನೊಳಗೆ ಮಳೆ ಬೀಳುವುದಿಲ್ಲ. ಬೆಚ್ಚಗಿನ ಒಣ ಗಾಳಿ ಮಾತ್ರ ಇರುತ್ತದೆ. ಹೂವಿಗೆಂದು ನಾವು ಕಟ್ಟಿದ ಮನೆ ನುಸಿಗೂ ಒಗ್ಗಿಬಿಟ್ಟಿದೆ.

ಈ ನುಸಿಗೆ ಅಂಗಡಿಯಲ್ಲಿ ಔಷಧಿ ಕೇಳಿದರೆ ಬಾಟಲಿ ಸಿಗುತ್ತದೆ. ಆದರೆ ಆ ಬಾಟಲಿ ಕೆಲಸ ಮಾಡುತ್ತದೆಂದು ಹೇಳಿದವರು ಯಾರು, ಅವರಿಗೆ ಅದು ಗೊತ್ತಾದದ್ದು ಹೇಗೆ? ಈ ಅಧ್ಯಾಯ ಆ ಪ್ರಶ್ನೆಗಳ ಬೆನ್ನು ಹತ್ತುತ್ತದೆ.

ಬಳ್ಳಾರಿ ರಸ್ತೆಯ ಎರಡು ಬದಿ

ಈ ಪ್ರಶ್ನೆ ಕೇಳಲು ಉತ್ತರ ಬೆಂಗಳೂರಿಗಿಂತ ತಕ್ಕ ಜಾಗ ಕರ್ನಾಟಕದಲ್ಲಿ ಇನ್ನೊಂದಿಲ್ಲ. ಸಹಕಾರನಗರ ಬಡಾವಣೆಯ ಪಕ್ಕದಲ್ಲೇ ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣವಿದೆ. ನವೆಂಬರಿನ ಕೃಷಿ ಮೇಳಕ್ಕೆ ಜನ ಸಾಲುಗಟ್ಟಿ ಹೋಗುವ ಆ ಆವರಣದೊಳಗೆ ನುಸಿಗಳ ಅಧ್ಯಯನಕ್ಕೆಂದೇ ಒಂದು ವಿಭಾಗವಿದೆ ಎಂಬುದು ಬಡಾವಣೆಯ ಬಹಳ ಮಂದಿಗೆ ತಿಳಿದಿಲ್ಲ. ದೇಶದ ಹಲವು ಕೇಂದ್ರಗಳಲ್ಲಿ ನಡೆಯುವ ಕೃಷಿ ನುಸಿಗಳ ಅಖಿಲ ಭಾರತ ಸಂಶೋಧನಾ ಜಾಲದ ಸಮನ್ವಯ ಇಲ್ಲಿಂದಲೇ ನಡೆದುಬಂದಿದೆ. ಇದಕ್ಕೆ ತಳಪಾಯ ಹಾಕಿದವರಲ್ಲಿ ಪ್ರಮುಖರು ಜಿ. ಪಿ. ಚನ್ನಬಸವಣ್ಣ. ಭಾರತದ ಎರಿಯೋಫಿಡ್ ನುಸಿಗಳ ಬಗ್ಗೆ ಅವರು ಬರೆದ ಗ್ರಂಥವನ್ನು 1966ರಲ್ಲಿ ವಿಶ್ವವಿದ್ಯಾಲಯ ಹೆಬ್ಬಾಳದಿಂದ ಪ್ರಕಟಿಸಿತು. ಎರಿಯೋಫಿಡ್ ಎಂದರೆ ಬರಿಗಣ್ಣಿಗೆ ಕಾಣದಷ್ಟು ಸಣ್ಣ, ನಾಲ್ಕೇ ಕಾಲಿನ ನುಸಿಗಳು. ಮಲ್ಲಿಗೆಯ ಎಲೆ, ಮೊಗ್ಗುಗಳ ಮೇಲೆ ಬಿಳಿ ತುಪ್ಪಳದಂತೆ ರೋಮ ಬೆಳೆಯುವಂತೆ ಮಾಡುವ ನುಸಿಯೂ ಈ ಗುಂಪಿನದು.

ಅದೇ ಬಳ್ಳಾರಿ ರಸ್ತೆಯಲ್ಲಿ ಹೆಬ್ಬಾಳದ ಕಡೆಗೆ ಬಂದರೆ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋ ಸಿಗುತ್ತದೆ. 1957ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಕಾಮನ್‌ವೆಲ್ತ್ ಜೈವಿಕ ನಿಯಂತ್ರಣ ಕೇಂದ್ರದ ಪರಂಪರೆ ಇದರದು. 1993ರಲ್ಲಿ ಜೈವಿಕ ನಿಯಂತ್ರಣದ ನಿರ್ದೇಶನಾಲಯವಾಗಿ ರೂಪುಗೊಂಡು, ಮುಂದೆ ಈಗಿನ ಹೆಸರು ಪಡೆಯಿತು. ಪಶ್ಚಿಮಕ್ಕೆ ಹೆಸರಘಟ್ಟದಲ್ಲಿ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ ಇದೆ. ಉತ್ತರಕ್ಕೆ ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಕಡೆ ಗುಲಾಬಿ, ಜರ್ಬೆರಾ ಬೆಳೆಯುವ ಪಾಲಿಹೌಸುಗಳು. ಹೆಬ್ಬಾಳದಲ್ಲಿ ಹೂವಿನ ಹರಾಜು ಕೇಂದ್ರ. ಹೂವು, ಪೀಡೆ, ಪೀಡೆಯ ಶತ್ರು, ಪರೀಕ್ಷಿಸುವ ವಿಜ್ಞಾನಿ, ಕೊಳ್ಳುವ ವ್ಯಾಪಾರಿ ಎಲ್ಲರೂ ಇಲ್ಲಿ ನೆರೆಹೊರೆ.

ಹೊಡೆದೆ, ಹೋಯಿತು

ಬೆಳೆಗಾರರು ಸಾಮಾನ್ಯವಾಗಿ ಹೇಳುವ ಮಾತು ಇಷ್ಟು: ಔಷಧಿ ಹೊಡೆದೆ, ನುಸಿ ಹೋಯಿತು. ಇದರಲ್ಲಿ ಸುಳ್ಳಿಲ್ಲ, ಆದರೆ ಸಾಕ್ಷಿಯೂ ಇಲ್ಲ. ಅದೇ ವಾರ ಮೋಡ ಕವಿದು ತಂಪಾಗಿರಬಹುದು. ರೋಗ ಹತ್ತಿದ ಎಲೆಗಳು ಉದುರಿ, ಅವುಗಳ ಜೊತೆ ನುಸಿಯೂ ನೆಲ ಸೇರಿರಬಹುದು. ನುಸಿಯನ್ನು ತಿನ್ನುವ ಜೀವಿಗಳು ತಾವಾಗಿಯೇ ಹೆಚ್ಚಿರಬಹುದು. ಔಷಧಿ ಹೊಡೆಯದೇ ಇದ್ದಿದ್ದರೆ ಏನಾಗುತ್ತಿತ್ತು ಎಂದು ತಿಳಿಯದ ಹೊರತು ಹೊಡೆದದ್ದರಿಂದ ಏನಾಯಿತು ಎಂದು ಹೇಳಲು ಬರುವುದಿಲ್ಲ. ಪರೀಕ್ಷೆಯ ಜೀವಾಳ ಇರುವುದು ಇಲ್ಲೇ. ಕೆಲವು ಸಾಲುಗಳನ್ನು ಬೇಕೆಂದೇ ಔಷಧಿ ಇಲ್ಲದೆ ಬಿಡಬೇಕು.

ಬಿಡುವುದಕ್ಕೂ ಕ್ರಮವಿದೆ. ಪಾಲಿಹೌಸಿನ ಬಾಗಿಲ ಬಳಿಯ ಗಿಡಕ್ಕೂ ಒಳಮೂಲೆಯ ಗಿಡಕ್ಕೂ ಬಿಸಿ, ಗಾಳಿ, ತೇವ ಒಂದೇ ಸಮ ಇರುವುದಿಲ್ಲ. ಪರೀಕ್ಷಿಸುವ ಔಷಧಿಯನ್ನೆಲ್ಲ ಬಾಗಿಲ ಬಳಿಯೇ ಹೊಡೆದರೆ ಗೆದ್ದದ್ದು ಔಷಧಿಯೋ ಬಾಗಿಲ ಗಾಳಿಯೋ ಎಂದು ಬೇರ್ಪಡಿಸಲಾಗದು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ಈ ತೊಡಕಿಗೆ ಪರಿಹಾರ ಹುಡುಕಿದವರು ಸಂಖ್ಯಾಶಾಸ್ತ್ರಜ್ಞ ಆರ್. ಎ. ಫಿಶರ್, ಪ್ರಯೋಗಗಳ ವಿನ್ಯಾಸದ ಬಗ್ಗೆ ಅವರ ಪುಸ್ತಕ 1935ರಲ್ಲಿ ಬಂತು. ಜಾಗವನ್ನು ಕೆಲವು ಭಾಗಗಳಾಗಿ ಮಾಡುವುದು. ಪ್ರತಿ ಭಾಗದಲ್ಲೂ ಎಲ್ಲ ಔಷಧಿಗಳಿಗೂ ಒಂದೊಂದು ತಾಕು ಕೊಡುವುದು. ಯಾವ ತಾಕಿಗೆ ಯಾವುದು ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸುವುದು. ಹೊಸ ಔಷಧಿಯ ಎರಡು ಮೂರು ಪ್ರಮಾಣಗಳು, ಈಗಾಗಲೇ ಬಳಕೆಯಲ್ಲಿರುವ ಒಂದು ಔಷಧಿ, ಬರೀ ನೀರು ಹೊಡೆದ ತಾಕು ಇವಿಷ್ಟೂ ಪ್ರತಿ ಭಾಗದಲ್ಲಿ ಇರಬೇಕು. ತಾಕುಗಳ ಅಂಚಿನ ಗಿಡಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ, ಪಕ್ಕದ ತಾಕಿನ ತುಂತುರು ಅಲ್ಲಿಗೂ ಹಾರಿರುತ್ತದೆ.

ಆಮೇಲೆ ಎಣಿಕೆ. ಔಷಧಿ ಹೊಡೆಯುವ ಹಿಂದಿನ ದಿನ ಒಮ್ಮೆ, ಹೊಡೆದ ಮೇಲೆ ಒಂದು, ಮೂರು, ಏಳು, ಹದಿನಾಲ್ಕನೆಯ ದಿನಗಳಲ್ಲಿ ಮತ್ತೆ ಮತ್ತೆ. ಪ್ರತಿ ತಾಕಿನಿಂದ ಗಿಡದ ನಡುವಿನ ಮತ್ತು ಕೆಳಗಿನ ಎಲೆಗಳನ್ನು ಕಿತ್ತು, ಚೀಲಕ್ಕೆ ಹಾಕಿ ಗುರುತು ಬರೆದು, ಸೂಕ್ಷ್ಮದರ್ಶಕದಡಿ ಎಲೆ ಎಲೆಯ ನುಸಿ, ಮರಿ, ಮೊಟ್ಟೆಗಳನ್ನು ಬೇರೆ ಬೇರೆಯಾಗಿ ಎಣಿಸಬೇಕು. ಕೆಲವು ಔಷಧಿಗಳು ಬೆಳೆದ ನುಸಿಯನ್ನು ಕೊಲ್ಲುತ್ತವೆ, ಮೊಟ್ಟೆಯನ್ನು ಮುಟ್ಟುವುದಿಲ್ಲ. ಮೂರನೆಯ ದಿನ ಶುಭ್ರವಾಗಿ ಕಂಡ ಎಲೆಯ ಮೇಲೆ ಹತ್ತನೆಯ ದಿನ ಹೊಸ ತಲೆಮಾರು ತುಂಬಿರುತ್ತದೆ. ಮೂರೇ ದಿನಕ್ಕೆ ಎಣಿಕೆ ನಿಲ್ಲಿಸಿದ ಪರೀಕ್ಷೆ ಔಷಧಿಯನ್ನು ಸುಮ್ಮನೆ ಹೊಗಳಿದಂತಾಗುತ್ತದೆ.

ಒಂದು ಲೆಕ್ಕ ಹಾಕಿ ನೋಡೋಣ. ಔಷಧಿ ಹೊಡೆದ ತಾಕಿನಲ್ಲಿ ಎಲೆಗೆ 40 ನುಸಿ ಇದ್ದದ್ದು ವಾರದಲ್ಲಿ 10ಕ್ಕೆ ಇಳಿಯಿತು ಎಂದಿಟ್ಟುಕೊಳ್ಳಿ. ನೇರವಾಗಿ ನೋಡಿದರೆ ಶೇಕಡಾ 75 ಇಳಿಕೆ. ನೀರು ಮಾತ್ರ ಹೊಡೆದ ತಾಕಿನಲ್ಲಿ ಅದೇ ವಾರ 40 ಇದ್ದದ್ದು 60ಕ್ಕೆ ಏರಿದ್ದರೆ, ಔಷಧಿಯ ನಿಜವಾದ ಪರಿಣಾಮ ಶೇಕಡಾ 83. ಆದರೆ ನೀರಿನ ತಾಕಿನಲ್ಲೂ 40 ಇದ್ದದ್ದು ತಾನಾಗಿಯೇ 16ಕ್ಕೆ ಇಳಿದಿದ್ದರೆ? ಆಗ ಔಷಧಿಗೆ ಸಲ್ಲುವುದು ಶೇಕಡಾ 37.5 ಮಾತ್ರ. ಗಿಡ ಅದೇ, ಬಾಟಲಿ ಅದೇ, ಕಣ್ಣಿಗೆ ಕಂಡದ್ದೂ ಅದೇ. ತೀರ್ಪು ಬದಲಾದದ್ದು ಹೊಡೆಯದೆ ಬಿಟ್ಟ ಸಾಲಿನಿಂದ. ಈ ತಿದ್ದುಪಡಿಯ ಸೂತ್ರವನ್ನು 1955ರಲ್ಲಿ ಹೆಂಡರ್ಸನ್ ಮತ್ತು ಟಿಲ್ಟನ್ ಕೊಟ್ಟರು. ಅದಕ್ಕೂ ಮೂವತ್ತು ವರ್ಷ ಮೊದಲು, 1925ರಲ್ಲಿ, ಆಬಟ್ ಇದರ ಸರಳ ರೂಪವನ್ನು ಬರೆದಿದ್ದ. ಇಂದಿಗೂ ಕೀಟಶಾಸ್ತ್ರದ ವಿದ್ಯಾರ್ಥಿಗಳು ಇವೆರಡನ್ನೂ ಬಳಸುತ್ತಾರೆ.

ಸಾಯದ ನುಸಿ

ಹೋದ ವರ್ಷ ಕೆಲಸ ಮಾಡಿದ ಔಷಧಿ ಈ ವರ್ಷ ಏಕೆ ಮಾಡುವುದಿಲ್ಲ? ಇದಕ್ಕೆ ಉತ್ತರ ಪ್ರಯೋಗಾಲಯದಲ್ಲಿದೆ. ಒದ್ದೆ ಸ್ಪಂಜಿನ ಮೇಲೆ ಎಲೆಯ ತುಂಡನ್ನಿಟ್ಟು ನುಸಿ ಸಾಕುತ್ತಾರೆ. ನಮ್ಮ ಕಡೆ ಇದಕ್ಕೆ ಹಿಪ್ಪುನೇರಳೆ ಎಲೆ ಬಳಸುವುದುಂಟು. ಸುತ್ತ ನೀರಿರುವುದರಿಂದ ನುಸಿ ಎಲೆ ಬಿಟ್ಟು ಹೋಗುವುದಿಲ್ಲ. ಎಲೆಯ ಮೇಲೆ ಔಷಧಿಯ ಹನಿ ಎಲ್ಲ ಕಡೆ ಸಮವಾಗಿ ಬೀಳಬೇಕು. ಅದಕ್ಕೆಂದು ರಾಥಮ್‌ಸ್ಟೆಡ್ಡಿನ ಚಾರ್ಲ್ಸ್ ಪಾಟರ್ ರೂಪಿಸಿದ, ಅವರ ಹೆಸರಿನಲ್ಲೇ ಉಳಿದಿರುವ ಸಿಂಪಡಣಾ ಗೋಪುರವಿದೆ. ಐದಾರು ಪ್ರಮಾಣಗಳಲ್ಲಿ ಔಷಧಿ ಕೊಟ್ಟು, ಅರ್ಧದಷ್ಟು ನುಸಿ ಸಾಯಲು ಎಷ್ಟು ಬೇಕು ಎಂದು ಕಂಡುಹಿಡಿಯುತ್ತಾರೆ. ಔಷಧಿ ಕಾಣದೆ ಬೆಳೆದ ನುಸಿಗೆ ಬೇಕಾದದ್ದಕ್ಕಿಂತ ಪಾಲಿಹೌಸಿನ ನುಸಿಗೆ ಅದು ಎಷ್ಟು ಪಟ್ಟು ಹೆಚ್ಚು ಬೇಕಾಯಿತೋ, ಪ್ರತಿರೋಧ ಅಷ್ಟು ಬೆಳೆದಿದೆ ಎಂದರ್ಥ.

ಈ ನುಸಿ ಪ್ರತಿರೋಧದಲ್ಲಿ ಜಗತ್ತಿನಲ್ಲೇ ಮುಂಚೂಣಿಯಲ್ಲಿದೆ. 90ಕ್ಕೂ ಹೆಚ್ಚು ರಾಸಾಯನಿಕಗಳಿಗೆ ಅದು ಬಗ್ಗದಿರುವುದು ದಾಖಲಾಗಿದೆ. ಇದರ ಗುಟ್ಟಿನ ಒಂದು ಭಾಗ ಅದರ ಸಂತಾನಕ್ರಮದಲ್ಲಿದೆ. ಗಂಡಿನ ಜೊತೆ ಕೂಡದ ಹೆಣ್ಣೂ ಮೊಟ್ಟೆ ಇಡುತ್ತದೆ, ಆ ಮೊಟ್ಟೆಗಳಿಂದ ಗಂಡುಗಳೇ ಹುಟ್ಟುತ್ತವೆ. ಗಂಡಿನಲ್ಲಿ ಪ್ರತಿ ವಂಶವಾಹಿಯ ಒಂದೇ ಪ್ರತಿ ಇರುವುದರಿಂದ ಪ್ರತಿರೋಧ ಕೊಡುವ ವಂಶವಾಹಿ ಮರೆಯಲ್ಲಿ ಉಳಿಯುವುದಿಲ್ಲ. ಕೂಡಲೇ ಕೆಲಸಕ್ಕೆ ಬರುತ್ತದೆ, ಬದುಕುಳಿದ ಗಂಡು ಅದನ್ನು ಹರಡುತ್ತದೆ. 2011ರಲ್ಲಿ ಇದರ ಸಂಪೂರ್ಣ ವಂಶವಾಹಿ ನಕ್ಷೆ ಪ್ರಕಟವಾದಾಗ ಇನ್ನೊಂದು ಸಂಗತಿ ಬೆಳಕಿಗೆ ಬಂತು. ವಿಷವನ್ನು ಒಡೆದು ಅರಗಿಸುವ ವಂಶವಾಹಿಗಳು ಇದರಲ್ಲಿ ಹೇರಳವಾಗಿವೆ, ಅವುಗಳಲ್ಲಿ ಕೆಲವು ಬ್ಯಾಕ್ಟೀರಿಯ, ಶಿಲೀಂಧ್ರಗಳಿಂದ ಬಂದವು.

ಅಬಾಮೆಕ್ಟಿನ್ ಎಂಬ ನುಸಿನಾಶಕ ಗುಲಾಬಿ ಬೆಳೆಗಾರರಿಗೆ ಚೆನ್ನಾಗಿ ಗೊತ್ತು. ಜಪಾನಿನ ಮಣ್ಣಿನಲ್ಲಿ ಸತೋಶಿ ಓಮುರಾ ಕಂಡುಕೊಂಡ ಸೂಕ್ಷ್ಮಾಣುವಿನಿಂದ ಬಂದ ವಸ್ತು ಅದು. ಆ ಸೂಕ್ಷ್ಮಾಣುವಿನ ದೆಸೆಯಿಂದ ಮನುಷ್ಯರ ಪರೋಪಜೀವಿ ರೋಗಗಳಿಗೂ ಔಷಧಿ ಸಿಕ್ಕಿ, ಓಮುರಾ 2015ರ ನೊಬೆಲ್ ಹಂಚಿಕೊಂಡರು. ಎಲೆಯ ಮೇಲೆ ಬಿದ್ದದ್ದು ಒಳಗಿಳಿದು ಅಡಿಯ ನುಸಿಗೂ ಮುಟ್ಟುತ್ತದೆ ಎಂಬುದು ಅದರ ಹೆಚ್ಚುಗಾರಿಕೆ. ಇಷ್ಟು ಒಳ್ಳೆಯ ಔಷಧಿಯನ್ನೂ ವಾರ ವಾರ ಅದೊಂದನ್ನೇ ಹೊಡೆದರೆ ಕೆಡಿಸಿಬಿಡಬಹುದು. ಕೆಲಸ ಮಾಡುವ ರೀತಿಯೇ ಬೇರೆಯಾದ ಔಷಧಿಗಳನ್ನು ಸರದಿಯಲ್ಲಿ ಬಳಸಿ ಎಂದು ವಿಜ್ಞಾನಿಗಳು ಹೇಳುವುದು ಇದಕ್ಕೇ. ಒಂದೇ ಗುಂಪಿನ ಎರಡು ಬ್ರಾಂಡುಗಳನ್ನು ಅದಲು ಬದಲು ಮಾಡುವುದು ಸರದಿಯಲ್ಲ.

ಗಿಡಕ್ಕೂ ಒಂದು ಪರೀಕ್ಷೆ

ಭತ್ತದ ಎಲೆಯ ಮೇಲೆ ಕಂದು ಮಚ್ಚೆ ಬಿದ್ದರೂ ಕಾಳು ಕಟ್ಟಿದರೆ ರೈತ ಸಹಿಸಿಕೊಂಡಾನು. ಹೂವಿನ ಬೆಳೆಯಲ್ಲಿ ನೋಟವೇ ಸರಕು. ದಳದ ಅಂಚು ಸುಟ್ಟ ಗುಲಾಬಿಯನ್ನು ಹರಾಜಿನಲ್ಲಿ ಯಾರೂ ಕೇಳುವುದಿಲ್ಲ. ನೀರಿನಲ್ಲಿ ಕದಡುವ ಪುಡಿ ಎಲೆಯ ಮೇಲೆ ಬಿಳಿ ಕಲೆ ಬಿಟ್ಟರೆ ಕುಂಡದ ಗಿಡ ಮಾರಾಟವಾಗುವುದಿಲ್ಲ. ಹಾಗಾಗಿ ಅಲಂಕಾರಿಕ ಗಿಡಗಳ ಔಷಧಿಗೆ ಎರಡನೆಯ ಪರೀಕ್ಷೆಯೊಂದು ಇದೆ. ಪೀಡೆ ಸತ್ತಿತೇ ಎಂಬುದಲ್ಲ, ಗಿಡ ಉಳಿಯಿತೇ ಎಂಬುದು.

ಇದರಲ್ಲಿ ಶಿಫಾರಸಿನ ಪ್ರಮಾಣದ ಜೊತೆಗೆ ಅದರ ಎರಡು ಪಟ್ಟನ್ನೂ ಹೊಡೆದು ನೋಡುತ್ತಾರೆ, ಏಕೆಂದರೆ ಬಳಸುವವರ ಅಳತೆ ಯಾವಾಗಲೂ ಕರಾರುವಾಕ್ಕಾಗಿರುವುದಿಲ್ಲ. ಎಲೆ ಹಳದಿಯಾಯಿತೇ, ತುದಿ ಸುಟ್ಟಿತೇ, ನರ ಬಿಳಿಚಿತೇ, ಎಲೆ ಮೇಲಕ್ಕೋ ಕೆಳಕ್ಕೋ ಮುರುಟಿತೇ, ಗಿಡ ಬಾಡಿತೇ ಎಂಬ ಒಂದೊಂದಕ್ಕೂ 0ಯಿಂದ 10ರವರೆಗೆ ಅಂಕ ಕೊಡುತ್ತಾರೆ. ಸೊನ್ನೆ ಎಂದರೆ ಏನೂ ಆಗಿಲ್ಲ. ಹತ್ತು ಎಂದರೆ ಎಲೆಯ ಶೇಕಡಾ 90ಕ್ಕೂ ಹೆಚ್ಚು ಭಾಗ ಹಾಳು. ಬೂದಿರೋಗಕ್ಕೆ ಗಂಧಕ ಹಳೆಯ, ಒಳ್ಳೆಯ ಔಷಧಿ. ಆದರೆ ಸುಡುಬಿಸಿಲಿನಲ್ಲಿ ಹೊಡೆದರೆ ಎಲೆಯನ್ನು ಸುಡುತ್ತದೆ, ಎಣ್ಣೆಯ ಸಿಂಪಡಣೆಯ ಬೆನ್ನಿಗೇ ಹೊಡೆದರೆ ಇನ್ನೂ ಹೆಚ್ಚು. ಒಂದು ತಳಿಗೆ ಏನೂ ಮಾಡದ ದ್ರಾವಣ ಇನ್ನೊಂದು ತಳಿಯ ಚಿಗುರನ್ನು ಕೆಡಿಸಬಹುದು. ಬೇವಿನೆಣ್ಣೆ, ಸೋಪಿನ ನೀರು ಕೂಡ ಈ ಮಾತಿಗೆ ಹೊರತಲ್ಲ. ಗಿಡಮೂಲದ್ದು ಎಂದ ಮಾತ್ರಕ್ಕೆ ಗಿಡಕ್ಕೆ ಒಗ್ಗಲೇಬೇಕೆಂದಿಲ್ಲ.

ಕಾಣದ ಕೆಲಸಗಾರರು

ಮೂರನೆಯ ಪರೀಕ್ಷೆ ಪೀಡೆಯ ಶತ್ರುಗಳದು. ಭೂತಗನ್ನಡಿಯಲ್ಲಿ ಕಾಣುವ ನುಸಿಗಳೆಲ್ಲ ರಸ ಹೀರುವವಲ್ಲ. ಮೈ ಹೊಳೆಯುವ, ಸರಸರನೆ ಓಡುವ, ಉದ್ದ ಕಾಲಿನ ನುಸಿಯೊಂದು ಕಂಡರೆ ಅದು ಬೇಟೆಗಾರ. ನಮ್ಮಲ್ಲೇ ಸಹಜವಾಗಿ ಇರುವ ನಿಯೋಸಿಯುಲಸ್ ಲಾಂಗಿಸ್ಪೈನೋಸಸ್ ಎಂಬ ಪರಭಕ್ಷಕ ನುಸಿ ಜೇಡ ನುಸಿಯ ಮೊಟ್ಟೆ, ಮರಿಗಳನ್ನು ಹೀರಿ ಖಾಲಿ ಮಾಡುತ್ತದೆ. ಅದನ್ನು ಸಾಕಿ ಪಾಲಿಹೌಸಿನ ಗುಲಾಬಿಯ ಮೇಲೆ ಬಿಟ್ಟು ನೋಡುವ ಪ್ರಯೋಗಗಳು ಬೆಂಗಳೂರಿನಲ್ಲಿ ನಡೆದಿವೆ. ಇಂಥ ಮಿತ್ರಜೀವಿಗಳ ಮೇಲೆ ಔಷಧಿ ಏನು ಮಾಡುತ್ತದೆ ಎಂದು ಅಳೆಯಲು ಅಂತಾರಾಷ್ಟ್ರೀಯ ಜೈವಿಕ ನಿಯಂತ್ರಣ ಸಂಘಟನೆಯ ನಾಲ್ಕು ದರ್ಜೆಗಳಿವೆ. ಪ್ರಯೋಗಾಲಯದಲ್ಲಿ ಶೇಕಡಾ 30ಕ್ಕಿಂತ ಕಡಿಮೆ ಹಾನಿಯಾದರೆ ನಿರಪಾಯ, 99ನ್ನು ಮೀರಿದರೆ ಅಪಾಯಕಾರಿ.

ಇದನ್ನು ಅಳೆಯದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕ್ ಸಾಕ್ಷಿ. ಮರ ಕೊರೆಯುವ ಏಷ್ಯಾದ ಕೊಂಬಿನ ದುಂಬಿಯಿಂದ ಎಲ್ಮ್ ಮರಗಳನ್ನು ಉಳಿಸಲು ಇಮಿಡಾಕ್ಲೋಪ್ರಿಡ್ ಎಂಬ ಕೀಟನಾಶಕ ಕೊಟ್ಟರು. ಆಮೇಲೆ ಅದೇ ಮರಗಳ ಮೇಲೆ ಜೇಡ ನುಸಿ ವಿಪರೀತವಾಗಿ ಹೆಚ್ಚಿತು. ಔಷಧಿ ನುಸಿಯನ್ನು ಕೊಲ್ಲಲಿಲ್ಲ. ನುಸಿಯ ಶತ್ರುಗಳನ್ನು ಕುಗ್ಗಿಸಿತು, ಜೊತೆಗೆ ಆ ಎಲೆಗಳನ್ನು ತಿಂದ ನುಸಿಗಳು ಹೆಚ್ಚು ಮೊಟ್ಟೆ ಇಟ್ಟವು. ಪೈರೆಥ್ರಾಯ್ಡ್ ಗುಂಪಿನ ಔಷಧಿಗಳನ್ನು ಹೊಡೆದ ತೋಟಗಳಲ್ಲೂ ನುಸಿ ಹೀಗೆ ಮರುಕಳಿಸುವುದನ್ನು ವಿಜ್ಞಾನಿಗಳು ಬಹಳ ಕಾಲದಿಂದ ಬಲ್ಲರು.

ಹಿಟ್ಟು ತಿಗಣೆಯ ಕಥೆ ಇದರ ಇನ್ನೊಂದು ಮುಖ. ದಾಸವಾಳದ ತುದಿಯಲ್ಲಿ ಬಿಳಿ ಹಿಟ್ಟು ಮೆತ್ತಿಕೊಂಡಾಗ, ಅದರ ನಡುವೆ ಉದ್ದನೆಯ ಮೇಣದ ಎಳೆಗಳಿರುವ, ಉಳಿದವಕ್ಕಿಂತ ದೊಡ್ಡದಾದ, ಚುರುಕಾಗಿ ಓಡುವ ಒಂದು ಹುಳು ಕಂಡರೆ ಕೈ ತಡೆಯಿರಿ. ಅದು ತಿಗಣೆಯಲ್ಲ, ತಿಗಣೆಯನ್ನು ತಿನ್ನುವ ಕ್ರಿಪ್ಟೊಲೀಮಸ್ ಜೀರುಂಡೆಯ ಮರಿ. ಆಸ್ಟ್ರೇಲಿಯ ಮೂಲದ ಈ ಜೀರುಂಡೆಯನ್ನು 1898ರಲ್ಲೇ ದಕ್ಷಿಣ ಭಾರತಕ್ಕೆ ತರಿಸಿದ್ದರು. 2008ರಲ್ಲಿ ಪರಂಗಿಯ ಹಿಟ್ಟು ತಿಗಣೆ ಕೊಯಮತ್ತೂರಿನಲ್ಲಿ ಕಾಣಿಸಿಕೊಂಡು ಪರಂಗಿ, ಹಿಪ್ಪುನೇರಳೆ, ದಾಸವಾಳಗಳನ್ನೆಲ್ಲ ಮುತ್ತಿತು. ಔಷಧಿ ಹೊಡೆದವರು ಸೋತರು. 2010ರಲ್ಲಿ ಬೆಂಗಳೂರಿನ ಬ್ಯೂರೋ ಪೋರ್ಟೊ ರಿಕೊದಿಂದ ಮೂರು ಪರತಂತ್ರ ಕಣಜಗಳನ್ನು ತರಿಸಿ, ಅವು ರೇಷ್ಮೆಹುಳುವಿನಂಥ ಉಪಯುಕ್ತ ಜೀವಿಗಳಿಗೆ ತೊಂದರೆ ಕೊಡುವುದಿಲ್ಲ ಎಂದು ಖಚಿತಪಡಿಸಿಕೊಂಡ ಮೇಲೆ ಬಿಡುಗಡೆ ಮಾಡಿತು. ಅವುಗಳಲ್ಲಿ ಅಸೆರೊಫೇಗಸ್ ಪಪಾಯೆ ಎಂಬ ಪುಟ್ಟ ಕಣಜ ಪೀಡೆಯನ್ನು ಹತೋಟಿಗೆ ತಂದಿತು. ಜೀವಂತ ಔಷಧಿಯನ್ನೂ ಪರೀಕ್ಷಿಸಿಯೇ ಬಿಡಬೇಕು ಎಂಬ ಶಿಸ್ತು ಈ ಗೆಲುವಿನ ಹಿಂದಿತ್ತು.

ತಿನ್ನದ ಬೆಳೆ ಎಂಬ ನೆಮ್ಮದಿ

ಹೂವನ್ನು ಯಾರೂ ತಿನ್ನುವುದಿಲ್ಲ, ಹಾಗಾಗಿ ಎಷ್ಟು ಹೊಡೆದರೂ ನಡೆಯುತ್ತದೆ ಎಂಬ ಭಾವನೆ ಹರಡಿಕೊಂಡಿದೆ. ಇದನ್ನು ಒಪ್ಪಲು ನನಗೆ ಸಾಧ್ಯವೇ ಇಲ್ಲ. ಹೂವು ಕೊಯ್ಯುವ, ಮುಳ್ಳು ಬಿಡಿಸುವ, ಕಟ್ಟು ಕಟ್ಟುವ ಕೈಗಳು ದಿನವಿಡೀ ಆ ಎಲೆಗಳನ್ನೇ ಮುಟ್ಟುತ್ತವೆ. ಬೆಲ್ಜಿಯಂನಲ್ಲಿ ಗುಲಾಬಿ, ಜರ್ಬೆರಾ, ಸೇವಂತಿಗೆಗಳ 90 ಗೊಂಚಲುಗಳನ್ನು ಪರೀಕ್ಷಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 107 ಬಗೆಯ ರಾಸಾಯನಿಕಗಳ ಶೇಷ ಸಿಕ್ಕಿತು. ಸರಾಸರಿ ಒಂದು ಗೊಂಚಲಿನಲ್ಲೇ ಸುಮಾರು ಹತ್ತು. ಅಲ್ಲಿ ಹೂವು ಹೂದಾನಿಯಲ್ಲಿ ಉಳಿಯುತ್ತದೆ. ನಮ್ಮಲ್ಲಿ ಅದು ಮುಡಿಯೇರುತ್ತದೆ, ದೇವರ ಪ್ರಸಾದವಾಗಿ ಕಣ್ಣಿಗೊತ್ತಿಕೊಳ್ಳುವಂತಾಗುತ್ತದೆ. ಗುಲಾಬಿ ದಳ ಗುಲ್ಕಂದ್ ಆಗಿ ಬಾಯಿಗೂ ಹೋಗುತ್ತದೆ. ದಾರವನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು ಮಾಲೆ ಕಟ್ಟುವವರನ್ನು ಯಾವ ಮಾರುಕಟ್ಟೆಯಲ್ಲಾದರೂ ನೋಡಬಹುದು.

1971ರ ಕೀಟನಾಶಕ ನಿಯಮಗಳ ಪ್ರಕಾರ ಪ್ರತಿ ಬಾಟಲಿಯ ಮೇಲೂ ಬಣ್ಣದ ತ್ರಿಕೋನ ಇರಲೇಬೇಕು: ಕೆಂಪು ಅತಿ ವಿಷ, ಹಳದಿ ಅದಕ್ಕಿಂತ ಕಡಿಮೆ, ನೀಲಿ ಇನ್ನೂ ಕಡಿಮೆ, ಹಸಿರು ಎಲ್ಲಕ್ಕಿಂತ ಕಡಿಮೆ. ಇದು ಒಮ್ಮೆಲೇ ಮೈಗೆ ಸೇರಿದಾಗಿನ ವಿಷದ ಅಳತೆ. ವರ್ಷಗಟ್ಟಲೆ ಚೂರು ಚೂರಾಗಿ ಸೇರಿದ್ದರ ಕಥೆಯನ್ನು ತ್ರಿಕೋನ ಹೇಳುವುದಿಲ್ಲ. ದಶಕಗಳ ಕಾಲ ನುಸಿಗೆಂದರೆ ಡೈಕೋಫಾಲ್ ಎನ್ನುವಂತಿತ್ತು. ಡಿಡಿಟಿಯ ಹತ್ತಿರದ ಬಂಧುವಾದ ಅದನ್ನು 2019ರಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ನಿಷೇಧಪಟ್ಟಿಗೆ ಸೇರಿಸಿದರು. 2023ರಲ್ಲಿ ಭಾರತವೂ ನಿಷೇಧಿಸಿತು.

ಕನಕಾಂಬರಕ್ಕೆ ಯಾರು ಖರ್ಚು ಮಾಡುತ್ತಾರೆ?

1968ರ ಕೀಟನಾಶಕ ಕಾಯ್ದೆಯಂತೆ ಔಷಧಿಯೊಂದು ಮಾರಾಟಕ್ಕೆ ಬರುವ ಮುನ್ನ ನೋಂದಣಿಯಾಗಬೇಕು. ಅದಕ್ಕೆ ಬೇರೆ ಬೇರೆ ಹವಾಮಾನದ ಸ್ಥಳಗಳಲ್ಲಿ, ಒಂದಕ್ಕಿಂತ ಹೆಚ್ಚು ಹಂಗಾಮಿನಲ್ಲಿ ನಡೆದ ಪರೀಕ್ಷೆಗಳ ಫಲಿತಾಂಶ ಬೇಕು. ಯಾವ ಬೆಳೆಯ ಯಾವ ಪೀಡೆಗೆ ಪರೀಕ್ಷೆ ನಡೆಯಿತೋ ಅಷ್ಟನ್ನೇ ಲೇಬಲ್ಲಿನ ಮೇಲೆ ಬರೆಯಬಹುದು. ಹತ್ತಿ, ಭತ್ತ, ಮೆಣಸಿನಕಾಯಿಗೆ ದೊಡ್ಡ ಮಾರುಕಟ್ಟೆ ಇರುವುದರಿಂದ ಕಂಪನಿಗಳು ಆ ಖರ್ಚನ್ನು ಭರಿಸುತ್ತವೆ. ಕನಕಾಂಬರ, ಸುಗಂಧರಾಜ, ಮಲ್ಲಿಗೆಗೆ ಯಾರು ಭರಿಸುತ್ತಾರೆ? ಹೀಗಾಗಿ ಹೂವಿನ ಬೆಳೆಗಾರ ಮೆಣಸಿನಕಾಯಿಗೆಂದು ಪರೀಕ್ಷೆಯಾದದ್ದನ್ನು ಅಂದಾಜಿನ ಮೇಲೆ ತನ್ನ ತೋಟಕ್ಕೆ ಹೊಡೆಯುತ್ತಾನೆ. ತಪ್ಪು ಅವನದಲ್ಲ, ಅವನ ಬೆಳೆಗೆ ಪರೀಕ್ಷೆಯೇ ಸಾಕಷ್ಟು ನಡೆದಿಲ್ಲ.

ಅಮೆರಿಕದಲ್ಲೂ ಇದೇ ತೊಡಕಿತ್ತು. ಅಲ್ಲಿ ಸಣ್ಣ ಬೆಳೆಗಳ ಔಷಧಿ ಪರೀಕ್ಷೆಗೆಂದೇ 1963ರಲ್ಲಿ ಸಾರ್ವಜನಿಕ ಹಣದಿಂದ ಐಆರ್-4 ಎಂಬ ಯೋಜನೆ ಆರಂಭವಾಯಿತು. 1977ರಲ್ಲಿ ಅಲಂಕಾರಿಕ ಗಿಡಗಳನ್ನೂ ಅದಕ್ಕೆ ಸೇರಿಸಿದರು. ಯಾವ ಪೀಡೆಗೆ ಮೊದಲು ಪರಿಹಾರ ಬೇಕು ಎಂದು ಬೆಳೆಗಾರರನ್ನೇ ಕೇಳಿ, ವಿಶ್ವವಿದ್ಯಾಲಯಗಳಲ್ಲಿ ಒಂದೇ ಕ್ರಮದಲ್ಲಿ ಪರೀಕ್ಷೆ ನಡೆಸಿ, ಕೆಲಸ ಮಾಡಿದ್ದನ್ನೂ ಮಾಡದ್ದನ್ನೂ ಎಲ್ಲರ ಮುಂದಿಡುತ್ತಾರೆ. ನಮ್ಮ ಹೂವುಗಳಿಗೂ ಅಂಥ ಏರ್ಪಾಡು ಬೇಕು. ಬೇಕಾದ ಪ್ರಯೋಗಾಲಯ, ಪರಿಣತರು, ಬೆಳೆಗಾರರು ಎಲ್ಲರೂ ಹೆಬ್ಬಾಳ, ಯಲಹಂಕ, ಹೆಸರಘಟ್ಟಗಳ ನಡುವೆಯೇ ಇದ್ದಾರೆ. ಬೇಕಿರುವುದು ನಿರಂತರ ಹಣ, ಜೊತೆಗೆ ಫಲಿತಾಂಶಗಳನ್ನು ಕನ್ನಡದಲ್ಲಿ ಬೆಳೆಗಾರರಿಗೆ ತಲುಪಿಸುವ ಕಾಳಜಿ.

ತಾರಸಿಯಲ್ಲಿ ಹತ್ತು ಕುಂಡ ಇಟ್ಟಿರುವ ಸಹಕಾರನಗರದ ಮನೆಯಲ್ಲೂ ಈ ಶಿಸ್ತು ಸಾಧ್ಯ. ಮೊದಲು ಎಲೆ ಮಗುಚಿ ಪೀಡೆ ಯಾವುದೆಂದು ಗುರುತಿಸಿ, ಬೇಟೆಗಾರರು ಇದ್ದಾರೆಯೇ ನೋಡಿ. ನುಸಿ ಕಡಿಮೆ ಇದ್ದರೆ ಎಲೆಯ ಅಡಿಗೆ ನೀರು ಚಿಮ್ಮಿಸಿ ತೊಳೆಯಿರಿ. ಔಷಧಿ ಬೇಕೇ ಬೇಕೆಂದಾದರೆ ಒಂದೆರಡು ಎಲೆಗೆ ಹಚ್ಚಿ ಕೆಲವು ದಿನ ಕಾಯಿರಿ. ಆಮೇಲೆ ಅರ್ಧ ಕುಂಡಗಳಿಗೆ ಹೊಡೆಯಿರಿ, ಅರ್ಧ ಬಿಡಿ, ವಾರದ ನಂತರ ಎರಡನ್ನೂ ಎಣಿಸಿ ಬರೆದಿಡಿ. ಅಂಗಡಿಗೆ ಹೋದಾಗ ಮೂರು ಪ್ರಶ್ನೆ ಕೇಳಿ: ಇದನ್ನು ಯಾವ ಗಿಡದ ಮೇಲೆ ಪರೀಕ್ಷಿಸಿದ್ದಾರೆ, ಯಾವ ಪೀಡೆಗೆ, ಯಾವುದರ ಜೊತೆ ಹೋಲಿಸಿ? ಮೊದಲೆರಡಕ್ಕೆ ಉತ್ತರ ಲೇಬಲ್ಲಿನ ಮೇಲೆ ಇಲ್ಲದಿದ್ದರೆ ಬಾಟಲಿಯನ್ನು ಅಲ್ಲೇ ಬಿಟ್ಟು ಬನ್ನಿ. ಕೊಳ್ಳುವವರು ಕೇಳಲು ತೊಡಗಿದರೆ ಮಾತ್ರ ಮಾರುವವರು ಪರೀಕ್ಷಿಸಲು ತೊಡಗುತ್ತಾರೆ.